ಆರ್‌ನಲ್ಲಿ ಓಡಿಸದೆ ಹಿಡಿದಿಟ್ಟ ಕೋಡ್: ತೊಗರಿ ದರದ ಪಟ್ಟಿಯೊಂದಿಗೆ

ಸೇಡಂ, ಆಳಂದ, ಚಿತ್ತಾಪುರ ಮಾರುಕಟ್ಟೆಗಳ ತೊಗರಿ ದರ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಡೇಟಾ ಫ್ರೇಮಿನಲ್ಲಿ (ಸಾಲು, ಕಾಲಮ್‌ಗಳ ಪಟ್ಟಿಯಲ್ಲಿ) ಇದೆ ಎನ್ನೋಣ. ಕಾಲಮ್‌ಗಳು ಎರಡು: ಊರು, ದರ (ಕ್ವಿಂಟಲ್‌ಗೆ ರೂಪಾಯಿ). ಕನ್ಸೋಲಿನಲ್ಲಿ ಬರೀ ದರ > 8000 ಎಂದು ಕೊಟ್ಟರೆ ಆರ್ ಕೂಡಲೇ ‘ದರ’ವನ್ನು ಹುಡುಕುತ್ತದೆ, ಸಿಗದೆ ಎರರ್ ಕೊಡುತ್ತದೆ. ಕ್ವೋಟ್(ದರ > 8000) ಎಂದರೆ ಹುಡುಕಾಟವೇ ಇಲ್ಲ. ಬರೆದ ಕೋಡೇ ಒಂದು ಕಾಲ್ ಆಬ್ಜೆಕ್ಟ್ (ಇನ್ನೂ ಓಡಿಸದ ಫಂಕ್ಷನ್ ಕರೆ) ಆಗಿ ಕೈಗೆ ಬರುತ್ತದೆ.

ಅದನ್ನು ಲಿಸ್ಟಿನಂತೆ ಬಿಡಿಸಿ ನೋಡಿ. [[1]] ಎಂದರೆ >, ಏಕೆಂದರೆ ಆರ್‌ನಲ್ಲಿ ಅದೂ ಒಂದು ಫಂಕ್ಷನ್ನೇ. [[2]] ಎಂದರೆ ದರ ಎಂಬ ಸಿಂಬಲ್ (ಬರೀ ಹೆಸರು), [[3]] ಎಂದರೆ 8000. ಮೂರನೆಯದಕ್ಕೆ 7500 ಹಾಕಿದರೆ ಶರತ್ತೇ ಬದಲಾಯಿತು. ಈವ್ಯಾಲ್‌ಗೆ (ಹಿಡಿದಿಟ್ಟ ಕೋಡನ್ನು ಓಡಿಸುವ ಫಂಕ್ಷನ್) ಈ ಕಾಲ್ ಮತ್ತು ಡೇಟಾ ಫ್ರೇಮ್ ಕೊಟ್ಟಾಗ ಮಾತ್ರ ಲೆಕ್ಕ ನಡೆಯುತ್ತದೆ. ಪ್ರತಿ ಸಾಲಿಗೂ ಟ್ರೂ ಅಥವಾ ಫಾಲ್ಸ್ ಬರುತ್ತದೆ, ಟ್ರೂ ಬಂದ ಸಾಲುಗಳನ್ನು ಆರಿಸಿಕೊಳ್ಳುತ್ತೇವೆ.

ಎಲ್ಲಕ್ಕಿಂತ ಅಪಾಯದ ತಪ್ಪು ಇಲ್ಲಿದೆ. ಕಾಲಮ್ ಹೆಸರು ಸ್ಟ್ರಿಂಗ್ ಆಗಿ ಬಂದಿರುತ್ತದೆ, ಅದನ್ನೇ ಬಿಕ್ವೋಟ್‌ನ .( ) ಒಳಗೆ ತುಂಬುತ್ತೇವೆ (ಬಿಕ್ವೋಟ್ ಕೂಡ ಕ್ವೋಟ್‌ನಂತೆಯೇ, ಆದರೆ .( ) ಒಳಗಿನದರ ಮೌಲ್ಯವನ್ನು ಕೋಡಿಗೆ ಸೇರಿಸುತ್ತದೆ). ಆಗ ತಯಾರಾಗುವುದು "ದರ" > 8000. ಆರ್ 8000ವನ್ನೂ ಸ್ಟ್ರಿಂಗ್ ಮಾಡಿ ಅಕ್ಷರಗಳನ್ನು ಹೋಲಿಸುತ್ತದೆ. ಸಾಮಾನ್ಯವಾಗಿ ಅಕ್ಷರ ಅಂಕಿಯ ನಂತರ ಬರುವುದರಿಂದ ಉತ್ತರ ಒಂದೇ ಒಂದು ಟ್ರೂ. ಅದು ಎಲ್ಲ ಸಾಲುಗಳಿಗೂ ಅನ್ವಯಿಸಿ ಇಡೀ ಪಟ್ಟಿ ಹಾಗೇ ವಾಪಸ್ ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಮೊದಲು ಆಸ್.ನೇಮ್ ಹಾಕಿ ಸ್ಟ್ರಿಂಗನ್ನು ಸಿಂಬಲ್ ಮಾಡಲೇಬೇಕು.

ಪೇಸ್ಟ್ ಮಾಡಿ ಪಾರ್ಸ್‌ಗೆ ಕೊಡುವ, ಅಂದರೆ ಕೋಡನ್ನು ಸ್ಟ್ರಿಂಗ್ ಆಗಿ ಅಂಟಿಸಿ ಮತ್ತೆ ಕೋಡ್ ಆಗಿ ಓದಿಸುವ ದಾರಿ ಬೇಡವೇ ಬೇಡ. ‘ಕನಿಷ್ಠ ದರ’ ಎಂದು ನಡುವೆ ಜಾಗವಿರುವ ಕಾಲಮ್ ಬಂದರೆ ಅಲ್ಲೇ ಮುರಿಯುತ್ತದೆ. ಸಿಂಬಲ್‌ಗೆ ಆ ತೊಂದರೆಯಿಲ್ಲ.

ಸ್ವಂತ ಫಂಕ್ಷನ್ನಿನಲ್ಲಿ ಬಳಕೆದಾರರು ಬರೆದ ಶರತ್ತನ್ನು ಹಿಡಿಯಲು ಸಬ್‌ಸ್ಟಿಟ್ಯೂಟ್ ಬೇಕು. ಅದನ್ನು ಮೊದಲ ಸಾಲಿನಲ್ಲೇ ಕರೆಯಿರಿ. ಆರ್ಗ್ಯುಮೆಂಟಿಗೆ ಹೊಸ ಮೌಲ್ಯ ಹಾಕಿದ ಮೇಲೆ ಕರೆದರೆ ಕೋಡ್ ಬದಲು ಆ ಮೌಲ್ಯ ಸಿಗುತ್ತದೆ. ಈವ್ಯಾಲ್‌ನ ಮೂರನೆಯ ಆರ್ಗ್ಯುಮೆಂಟಾಗಿ ಪೇರೆಂಟ್.ಫ್ರೇಮ್() (ನಿಮ್ಮ ಫಂಕ್ಷನ್ನನ್ನು ಕರೆದ ಜಾಗ) ಅನ್ನು ನೀವೇ ಬರೆದು ಕೊಡಿ. ಬಿಟ್ಟರೆ, ಡೇಟಾ ಫ್ರೇಮಿನಲ್ಲಿಲ್ಲದ ಹೆಸರುಗಳನ್ನು ಆರ್ ಮೊದಲು ನಿಮ್ಮ ಫಂಕ್ಷನ್ನಿನೊಳಗೇ ಹುಡುಕುತ್ತದೆ. ಬಳಕೆದಾರರ ‘ಮಿತಿ’ 8000 ಇದ್ದು, ನಿಮ್ಮೊಳಗೂ ‘ಮಿತಿ’ ಎಂಬ ವೇರಿಯಬಲ್ ಇದ್ದರೆ ನಿಮ್ಮದೇ ಗೆಲ್ಲುತ್ತದೆ.

ಇದೇ ಫಂಕ್ಷನ್ನನ್ನು ಇನ್ನೊಂದು ಫಂಕ್ಷನ್ ಒಳಗಿಂದ ಕರೆದರೆ ಸಬ್‌ಸ್ಟಿಟ್ಯೂಟ್‌ಗೆ ಕಾಣುವುದು ಹೊರಗಿನದರ ಆರ್ಗ್ಯುಮೆಂಟ್ ಹೆಸರಷ್ಟೇ, ಮೂಲ ಶರತ್ತಲ್ಲ. ಕೊನೆಗೆ ‘ದರ ಸಿಗಲಿಲ್ಲ’ ಎಂಬ ಎರರ್. ಅದಕ್ಕೇ ಎರಡು ಫಂಕ್ಷನ್ ಬರೆಯುವುದು ಒಳ್ಳೆಯದು: ಕ್ವೋಟ್ ಆದ ಕಾಲನ್ನೇ ಪಡೆದು ಕೆಲಸ ಮಾಡುವುದೊಂದು, ಕನ್ಸೋಲಿನ ಅನುಕೂಲಕ್ಕೆ ಸಬ್‌ಸ್ಟಿಟ್ಯೂಟ್ ಮಾಡಿ ಮೊದಲನೆಯದಕ್ಕೆ ದಾಟಿಸುವ ಚಿಕ್ಕದೊಂದು. ಬೇರೆ ಫಂಕ್ಷನ್‌ಗಳು ಮೊದಲನೆಯದನ್ನೇ ಕರೆಯಲಿ.

ಗ್ರಾಫಿನ ಶೀರ್ಷಿಕೆಗೆ ಶರತ್ತನ್ನು ಸ್ಟ್ರಿಂಗ್ ಮಾಡುವಾಗ ಡಿಪಾರ್ಸ್ ಉದ್ದನೆಯ ಕೋಡನ್ನು ಹಲವು ತುಂಡು ಮಾಡುತ್ತದೆ. ಆರ್ 4.0.0ರಿಂದ ಇರುವ ಡಿಪಾರ್ಸ್1 ಒಂದೇ ಸ್ಟ್ರಿಂಗ್ ಕೊಡುತ್ತದೆ.