ಕೊಟ್ಟಿಗೆ ನೋಡಿದೆಯೇನಮ್ಮ?

ಕೋಲಾರದ ಕಡೆ ಒಂದು ಹಳ್ಳಿ. ಕೆಲಸಕ್ಕೆ ಸೇರಿ ನನಗೆ ಎರಡನೇ ತಿಂಗಳು. ಮನಸ್ಸಿನ ಆರೋಗ್ಯದ ಬಗ್ಗೆ ಮನೆಮನೆಗೆ ಹೋಗಿ ಮಾಹಿತಿ ತರುವ ಸಂಶೋಧನಾ ತಂಡದಲ್ಲಿ ನಾನು ಪ್ರಶ್ನೆ ಕೇಳುವವಳು. ಕೈಯಲ್ಲಿ ಟ್ಯಾಬ್, ಜೊತೆಗೆ ಆ ಊರಿನ ಆಶಾ ಕಾರ್ಯಕರ್ತೆ. ದಿನಕ್ಕೆ ಆರು ಮನೆ ಮುಗಿಸಬೇಕು. ಅವತ್ತು ಅದು ಐದನೇ ಮನೆ.

ಜಗಲಿ ಮೇಲೆ ಕೂತಿದ್ದ ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿ ಬರೆಯುತ್ತಿದ್ದೇನೆ. ಮೊದಲು ಪಿಎಚ್‌ಕ್ಯೂ-9 ಕೇಳಿದೆ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನೆಗಳ ಪಟ್ಟಿ ಅದು. ಅದರಲ್ಲಿ 9 ಪ್ರಶ್ನೆ, ಎಲ್ಲವೂ ಕಳೆದ ಎರಡು ವಾರದ್ದು. ನಿದ್ದೆ ಹೇಗಿದೆ, ಊಟ ಸೇರುತ್ತಾ, ಸುಸ್ತಾ, ಬೇಜಾರಾ, ಮಾಡುವ ಕೆಲಸದಲ್ಲಿ ಮನಸ್ಸಿದೆಯಾ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ನಮ್ಮಲ್ಲಿ 10 ಮುಟ್ಟಿದರೆ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಕೊಡಬೇಕು. ಅಕ್ಕನದು 16 ಬಂತು.

ಆಮೇಲೆ ಘಟನೆಗಳ ಪಟ್ಟಿ. ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಸಾವು? ಇಲ್ಲ. ಯಾರಿಗಾದರೂ ದೊಡ್ಡ ಕಾಯಿಲೆ? ಇಲ್ಲ. ಕೋರ್ಟು, ಪೊಲೀಸು? ಇಲ್ಲಮ್ಮ. ಕೆಲಸ ಹೋಯಿತಾ? “ನಾನೆಲ್ಲಿ ಕೆಲಸಕ್ಕೆ ಹೋಗ್ತೀನಿ ಮೇಡಂ, ಮನೇಲೇ ಇರೋದು.” ಇಲ್ಲ ಅಂತ ಒತ್ತಿದೆ. ಘಟನೆ ಸೊನ್ನೆ. ಇಪ್ಪತ್ತೈದು ನಿಮಿಷದಲ್ಲಿ ಮನೆ ಮುಗಿಯಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ತಂಡದಲ್ಲಿ ಕೆಲವು ಮನೆಗಳಿಗೆ ಮೇಲ್ವಿಚಾರಕರು ಇನ್ನೊಮ್ಮೆ ಹೋಗಿ ಬರುತ್ತಾರೆ. ಆ ಮನೆಗೂ ಹೋಗಿದ್ದರು. ವಾಪಸ್ ಬಂದವರು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು: “ಕೊಟ್ಟಿಗೆ ನೋಡಿದೆಯೇನಮ್ಮ?”

ನೋಡಿರಲಿಲ್ಲ. ನಾನು ಕೂತ ಜಾಗದಿಂದ ನಾಲ್ಕು ಮಾರು ದೂರ, ಅಷ್ಟೇ. ಮರುದಿನ ಅವರ ಜೊತೆ ಹೋದಾಗ ನೋಡಿದೆ. ಗೂಟ ಇತ್ತು. ಹಗ್ಗವನ್ನು ಸುತ್ತಿ ಗೂಟಕ್ಕೇ ಹಾಕಿದ್ದರು. ಗೋದಲಿಯಲ್ಲಿ ಒಂದಿಷ್ಟು ಹುಲ್ಲು ಒಣಗಿ ಕಡ್ಡಿಯಾಗಿತ್ತು. ಹಸು ಇರಲಿಲ್ಲ.

ಐದು ತಿಂಗಳ ಹಿಂದೆ, ಕರು ಹಾಕುವಾಗ, ಸೀಮೆ ಹಸು ಹೋಗಿತ್ತು. ಕರುವೂ ಉಳಿಯಲಿಲ್ಲ. ವಿಮೆ ಮಾಡಿಸಿರಲಿಲ್ಲ. ಹಸು ತರಲು ಸಂಘದಲ್ಲಿ ಎತ್ತಿದ ಸಾಲದ ಕಂತು ಮಾತ್ರ ಇನ್ನೂ ಓಡುತ್ತಿತ್ತು. ಇದನ್ನೆಲ್ಲ ಆ ಅಕ್ಕ ನನ್ನಿಂದ ಮುಚ್ಚಿಟ್ಟಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪಟ್ಟಿಯಲ್ಲಿ ಹಸು ಎಲ್ಲಿದೆ?

ಈ ಪಟ್ಟಿಗಳಿಗೂ ಒಂದು ಕಥೆ ಇದೆ. 1967ರಲ್ಲಿ ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು 43 ಘಟನೆಗಳ ಪಟ್ಟಿ ಮಾಡಿ, ಬದುಕನ್ನು ಎಷ್ಟು ಅಲುಗಾಡಿಸುತ್ತದೆ ಅನ್ನುವ ಲೆಕ್ಕದಲ್ಲಿ ಒಂದೊಂದಕ್ಕೂ ಒಂದು ತೂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100, ಮದುವೆಗೆ 50. ಕ್ರಿಸ್‌ಮಸ್ ಹಬ್ಬಕ್ಕೂ 12 ಅಂಕ ಇತ್ತು. ನಮ್ಮ ದೇಶದಲ್ಲಿ ಗುರ್ಮೀತ್ ಸಿಂಗ್ ಮತ್ತು ಜೊತೆಗಾರರು 1984ರಲ್ಲಿ ಇಲ್ಲಿಯದೇ ಪಟ್ಟಿ ತಂದರು, 51 ಘಟನೆಗಳದ್ದು. ಅದರಲ್ಲಿ ಸಂಗಾತಿಯ ಸಾವಿಗೆ 95. ವರದಕ್ಷಿಣೆ ಜಗಳ, ಗಂಡು ಮಗು ಇಲ್ಲದ ಕೊರಗು, ತೀರ್ಥಯಾತ್ರೆ, ಎಲ್ಲವೂ ಸೇರಿಕೊಂಡವು. ದೊಡ್ಡ ಕೆಲಸವೇ. ಆದರೂ ಪಟ್ಟಿ ಪಟ್ಟಿಯೇ. ಯಾರೋ ಎಲ್ಲೋ ಕೂತು ಮಾಡಿದ್ದು. ಕೊಟ್ಟಿಗೆಯ ಪಕ್ಕ ಕೂತು ಮಾಡಿದ್ದಲ್ಲ.

ಮೇಲ್ವಿಚಾರಕರು ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಲಂಡನ್ನಿನ ಕಥೆ ಹೇಳಿದರು. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಇಬ್ಬರು 1970ರ ದಶಕದಲ್ಲಿ ಅಲ್ಲಿನ ಕ್ಯಾಂಬರ್‌ವೆಲ್ ಎಂಬ ಕಡೆ ಹೆಂಗಸರ ಜೊತೆ ಗಂಟೆಗಟ್ಟಲೆ ಮಾತಾಡಿದರು. ಟಿಕ್ ಹಾಕಿಸಿಕೊಳ್ಳಲಿಲ್ಲ. ಏನಾಯಿತು, ಆಗ ಮನೆಯ ಪರಿಸ್ಥಿತಿ ಹೇಗಿತ್ತು, ಯಾರು ಜೊತೆಗಿದ್ದರು ಅಂತ ಪೂರ್ತಿ ಕೇಳಿದರು. ಕಷ್ಟ ಬಂದ ಎಲ್ಲರಿಗೂ ಖಿನ್ನತೆ ಬರಲಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದವರು ಇಲ್ಲದಿದ್ದರೆ, ಮನೆಯಲ್ಲಿ ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳಿದ್ದರೆ, ಹೊರಗೆ ಕೆಲಸ ಇಲ್ಲದಿದ್ದರೆ, 11 ವರ್ಷ ತುಂಬುವ ಮುಂಚೆ ತಾಯಿಯನ್ನು ಕಳೆದುಕೊಂಡಿದ್ದರೆ, ಅಂಥವರಿಗೆ ಅದೇ ಕಷ್ಟ ಜಾಸ್ತಿ ಹೊಡೆತ ಕೊಟ್ಟಿತ್ತು.

ಆಮೇಲೆ ಸರ್ ಕೇಳಿದರು, “ಹಸು ಹೋಯ್ತು. ಅದರ ಜೊತೆ ಇನ್ನೇನೇನು ಹೋಯ್ತು, ಲೆಕ್ಕ ಹಾಕು.”

ಲೆಕ್ಕ ಹಾಕಿದೆ. ಡೈರಿ ಪಾಸ್‌ಬುಕ್ಕು ಅಕ್ಕನ ಹೆಸರಲ್ಲಿತ್ತು. ಬಟವಾಡೆ ದುಡ್ಡು ಅವರ ಕೈಗೇ ಬರುತ್ತಿತ್ತು. ಗಂಡನನ್ನು ಕೇಳದೆ ಖರ್ಚು ಮಾಡಬಹುದಾಗಿದ್ದ ದುಡ್ಡು ಅದೊಂದೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಹಿಡಿದು ಡೈರಿಗೆ ಹೋಗುತ್ತಿದ್ದರು. ಸರದಿಯಲ್ಲಿ ನಿಂತು ನಾಲ್ಕು ಜನರ ಜೊತೆ ಮಾತಾಡಿ ಬರುತ್ತಿದ್ದರು. ಐದು ತಿಂಗಳಿಂದ ಆ ದಾರಿಯೇ ತುಳಿದಿಲ್ಲ. “ಬರೀ ಕೈಲಿ ಏನಂತ ಹೋಗಲಿ?” ಅಂದರಂತೆ. ಕೆಲಸ ಹೋಯಿತಾ ಅಂತ ಕೇಳಿದಾಗ ನಾನು ‘ಇಲ್ಲ’ ಒತ್ತಿದ್ದು ಇದಕ್ಕೇ!

ಇನ್ನೊಂದು ವಿಷಯ ಆವತ್ತೇ ಗೊತ್ತಾಯಿತು. ಅಕ್ಕ ಸುಮ್ನೆ ಮನೆಯಲ್ಲೇ ಕೂತಿರಲಿಲ್ಲ. ಸುಸ್ತು ಅಂತ ಮೂರು ಸಲ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬಂದಿದ್ದರು. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 12 ರಾಜ್ಯಗಳ ಆ ಮುಖ್ಯ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ, ಆದರೆ ಅದಕ್ಕೂ ಮುಂಚಿನ ಪ್ರಾಯೋಗಿಕ ಸಮೀಕ್ಷೆ ಆಗಿದ್ದು ಇದೇ ಕೋಲಾರ ಜಿಲ್ಲೆಯಲ್ಲಿ. ಈ 85 ಅನ್ನುವುದನ್ನು ಓದಿದಾಗ, ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ ಅಂದುಕೊಂಡಿದ್ದೆ. ಹತ್ತಿರುತ್ತಾರೆ. ದುಡ್ಡೂ ಕೊಟ್ಟಿರುತ್ತಾರೆ. ಸುಸ್ತು, ಮೈಕೈ ನೋವು, ಎದೆ ಭಾರ ಅಂತ ಹೇಳಿ, ಅದಕ್ಕೆ ಸಿಗುವ ಸೂಜಿ ಚುಚ್ಚಿಸಿಕೊಂಡು ಬಂದಿರುತ್ತಾರೆ.

‘ಖಿನ್ನತೆ’ ಅನ್ನುವ ಪದವನ್ನು ನಾನು ಹಳ್ಳಿಯಲ್ಲಿ ಬಾಯಿಬಿಟ್ಟು ಹೇಳುವುದೇ ಇಲ್ಲ ಈಗ. ಒಬ್ಬ ಅಜ್ಜ “ಅಂದ್ರೆ ಶುಗರ್ ಥರಾನಾ?” ಅಂತ ಕೇಳಿದ್ದರು. ಜನ ಹೇಳುವುದು ‘ಯೋಚನೆ ಜಾಸ್ತಿ’. ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ಇದಕ್ಕೆ ‘ಕುಫುಂಗಿಸಿಸಾ’ ಅನ್ನುತ್ತಾರೆ, ಅತಿಯಾಗಿ ಯೋಚಿಸುವುದು ಅಂತಲೇ ಅರ್ಥ. ಅಲ್ಲಿನ ರಾಜಧಾನಿ ಹರಾರೆಯಲ್ಲಿ, ಇಂಥವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಮಾತಾಡಿಸಲು ತರಬೇತಿ ಪಡೆದ ಅಜ್ಜಿಯರೂ ಇದೇ ಪದ ಬಳಸುತ್ತಾರೆ. ಎಲ್ಲಿಯ ಕೋಲಾರ, ಎಲ್ಲಿಯ ಹರಾರೆ!

ಹಾಗಂತ ಕೆದಕಿ ಕೆದಕಿ ಕೇಳಿದರೆ ಆಗುತ್ತಾ? ಅದೂ ತಪ್ಪೇ, ಆ ತಪ್ಪನ್ನೂ ಮಾಡಿದ್ದೇನೆ. ಬೇಜಾರಿನಲ್ಲಿ ಇರುವವರು ತಮ್ಮ ಬೇಜಾರಿಗೆ ಕಾರಣ ಹುಡುಕುತ್ತಾ ಇರುತ್ತಾರೆ. ನಾವು ಕೆದಕಿದರೆ ಯಾವುದೋ ಹಳೆಯದನ್ನು ತಂದು ಜೋಡಿಸುತ್ತಾರೆ. 1958ರಲ್ಲಿ ಸ್ಟಾಟ್ ಎಂಬ ಸಂಶೋಧಕರು ಡೌನ್ ಸಿಂಡ್ರೋಮ್ ಇರುವ ಮಕ್ಕಳ ತಾಯಂದಿರನ್ನು ಕೇಳಿದಾಗ, ಬಸುರಿನಲ್ಲಿ ಮನಸ್ಸಿಗೆ ಆಘಾತ ಆಗಿತ್ತು ಅಂತ ಹೇಳಿದವರು ಬೇರೆ ತಾಯಂದಿರಿಗಿಂತ ಹೆಚ್ಚಿದ್ದರು. ಮರುವರ್ಷವೇ, 1959ರಲ್ಲಿ, ಡೌನ್ ಸಿಂಡ್ರೋಮ್‌ಗೆ ಕಾರಣ ಆಘಾತವಲ್ಲ, ಒಂದು ಹೆಚ್ಚುವರಿ ವರ್ಣತಂತು (ಕ್ರೋಮೋಸೋಮ್) ಅಂತ ಗೊತ್ತಾಯಿತು. ಆ ತಾಯಂದಿರು ಸುಳ್ಳು ಹೇಳಿರಲಿಲ್ಲ. ಕಾರಣ ಬೇಕಿತ್ತು, ಹುಡುಕಿದ್ದರು. ಇದಕ್ಕೇ ಬ್ರೌನ್ ತಂಡದಲ್ಲಿ ಘಟನೆಯ ತೂಕ ಹೇಳುವವರಿಗೆ ಆ ಹೆಂಗಸಿಗೆ ಖಿನ್ನತೆ ಇದೆಯೋ ಇಲ್ಲವೋ ಅನ್ನುವುದನ್ನು ಹೇಳುತ್ತಲೇ ಇರಲಿಲ್ಲ. ಎಷ್ಟು ಅತ್ತರು ಅನ್ನುವುದನ್ನೂ ಹೇಳುವ ಹಾಗಿಲ್ಲ. ಆದದ್ದೇನು, ಆಗ ಪರಿಸ್ಥಿತಿ ಏನು, ಅಷ್ಟೇ.

ಹಾಗಾಗಿ ನಾನು ಈಗ ದಿನಾಂಕದಿಂದ ಶುರು ಮಾಡುತ್ತೇನೆ. ಯುಗಾದಿಗೆ ಮನೆ ಹೇಗಿತ್ತು? ಊರ ಜಾತ್ರೆ ಹೊತ್ತಿಗೆ? ರಾಗಿ ಕೊಯ್ಲಿಗೆ? ಹಬ್ಬ ನೆನಪಾದರೆ ಹಿಂದೆಯೇ ಘಟನೆ ಬರುತ್ತದೆ, ಸರಿಯಾದ ತಿಂಗಳಲ್ಲೇ ಕೂರುತ್ತದೆ. ಅತ್ತೆ ಎದುರಿಗೆ ಕೂತಿದ್ದರೆ ಸೊಸೆಯ ವರ್ಷದಲ್ಲಿ ಏನೂ ನಡೆದಿರುವುದಿಲ್ಲ. ಅದಕ್ಕೆ ಆಶಾ ಅಕ್ಕ ಅತ್ತೆಯ ಬಿಪಿ ನೋಡಲು ಒಳಗೆ ಕರೆದುಕೊಂಡು ಹೋಗುತ್ತಾರೆ. ಇದು ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಬಗ್ಗೆ ಹೇಳದೆ ಇರಲಾರೆ. ಸತ್ತರೆ ವಾಸಿ ಅನ್ನಿಸಿದೆಯಾ ಅನ್ನುವುದು. ಹೊಸಬರು ಅದನ್ನು “ಅಂಥದ್ದೇನೂ ಇಲ್ಲ ಅಲ್ವಾ ಅಕ್ಕ?” ಅಂತ ಕೇಳಿಬಿಡುತ್ತಾರೆ. ಉತ್ತರ ನಾವೇ ಕೊಟ್ಟ ಹಾಗೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ ನನಗೂ ಇತ್ತು. ಹಾಗಾಗುವುದಿಲ್ಲ, ಇದನ್ನು ಸಂಶೋಧನೆಗಳು ನೋಡಿವೆ. ನೇರವಾಗಿ, ಮೆತ್ತಗೆ ಕೇಳಬೇಕು. ಹೌದು ಅಂದರೆ ಆ ದಿನದ ಆರು ಮನೆ ಲೆಕ್ಕ ಬಿಟ್ಟು ಅಲ್ಲೇ ಕೂರಬೇಕು, ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಬೇಕು. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ನಾನು ಮನೆಯವರ ಫೋನಿನಲ್ಲೇ ಸೇವ್ ಮಾಡಿಕೊಟ್ಟು ಬರುತ್ತೇನೆ. ಚೀಟಿ ಕೊಟ್ಟರೆ ಒಲೆ ಸೇರುತ್ತದೆ.

ಹಸುವಿನ ಅಕ್ಕನ ಕಥೆ ಏನಾಯಿತು ಅಂತ ಕೇಳುತ್ತೀರಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆಯಲ್ಲ, ಅಲ್ಲಿಗೆ ಆಶಾ ಕಾರ್ಯಕರ್ತೆ ಎರಡು ಸಲ ಕರೆದುಕೊಂಡು ಹೋದರು. ಆಮೇಲೆ ನಮ್ಮ ಕೆಲಸ ಬೇರೆ ತಾಲ್ಲೂಕಿಗೆ ಹೋಯಿತು. ಅಲ್ಲಿಗೆ ನನ್ನ ಲೆಕ್ಕ ನಿಂತಿದೆ.

ಈಗ ಹೊಸಬರಿಗೆ ನಾನೇ ಕೆಲಸ ಕಲಿಸುತ್ತೇನೆ. ಟ್ಯಾಬಿನಲ್ಲಿ ಪಟ್ಟಿಯ ಕೊನೆಗೆ ‘ಇತರೆ’ ಅಂತ ಒಂದು ಖಾಲಿ ಜಾಗ ಇದೆ. ಮೊದಲೆಲ್ಲ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೊನ್ನೆ ಒಬ್ಬ ಹುಡುಗಿ ಅದರಲ್ಲಿ ಬರೆದುಕೊಂಡು ಬಂದಿದ್ದಳು: ‘ಬೋರ್ ಫೇಲ್. ಮೂರನೆಯದು.’

“ಮೂರನೆಯದು ಅಂತ ಯಾಕೆ ಬರೆದೆ?” ಅಂದೆ.

“ಮೊದಲೆರಡಕ್ಕೆ ಬ್ಯಾಂಕಲ್ಲಿ ಸಾಲ ಸಿಕ್ಕಿತ್ತಂತೆ ಮೇಡಂ. ಇದಕ್ಕೆ ತಾಳಿ ಸರ ಗಿರವಿ ಇಟ್ಟಿದ್ದಾರೆ. ಅವರ ಅಮ್ಮನಿಗೆ ಇನ್ನೂ ಹೇಳಿಲ್ವಂತೆ.”

“ಅದನ್ನೂ ಬರಿ” ಅಂದೆ.