ಒಂದು ದೊಡ್ಡ ಹಡಗಿನ ದುಡ್ಡಿಗೆ ನೂರು ಚಿಕ್ಕದು ಬರುದಿಲ್ವಾ?

ನೌಕಾಪಡೆಯ ಇಂಜಿನ್ ರೂಮಿನಲ್ಲಿ 15 ವರ್ಷ ಇದ್ದೆ ಅಂತ ಗೊತ್ತಾದ ಕೂಡಲೇ ಉಡುಪಿಯಲ್ಲಿ ಬರುವ ಪ್ರಶ್ನೆ ಇದು. "20 ಸಾವಿರ ಕೋಟಿ ಸುರಿದು ವಿಕ್ರಾಂತ್ ಅಂತ ಒಂದು ವಿಮಾನವಾಹಕ ಹಡಗು ಯಾಕೆ ಮಾರಾಯ್ರೆ? ಅದೇ ದುಡ್ಡಿಗೆ ನೂರು ಚಿಕ್ಕದು ಬರುದಿಲ್ವಾ?"

ಬರಬಹುದು. ಬಂದು ಏನು ಮಾಡುತ್ತವೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಒಂದು ಮದುವೆಯೂಟ. ಎಲೆಗೆ ಸಾರು ಬೀಳುವಷ್ಟರಲ್ಲಿ ಪಕ್ಕದಲ್ಲಿದ್ದ ಮಲ್ಪೆಯ ಬೋಟ್ ಮಾಲೀಕರು ಶುರು ಮಾಡಿದರು. 1971ರ ಯುದ್ಧವನ್ನು ತಂದರು, ಎಲ್ಲರೂ ತರುತ್ತಾರೆ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ಖೈಬರ್ ಎಂಬ ದೊಡ್ಡ ಯುದ್ಧನೌಕೆಯನ್ನೇ ಮುಳುಗಿಸಿದ್ದವು. "ನೋಡಿ!" ಅಂದರು, ಹಪ್ಪಳ ಮುರಿಯುತ್ತಾ.

ನಿಜ. ಆದರೆ ಅವು ಒಂಟಿಯಾಗಿ ಹೋಗಿರಲಿಲ್ಲ ಸ್ವಾಮಿ. ಅವಕ್ಕಿಂತ ದೊಡ್ಡವು ಕಿಲ್ತಾನ್, ಕಚ್ಚಲ್ ಜೊತೆಗಿದ್ದವು, ಇಂಧನಕ್ಕೆ ಪೋಷಕ್ ಎಂಬ ಟ್ಯಾಂಕರ್ ಬೇರೆ. ಕರಾಚಿ ಹತ್ತಿರವೂ ಇತ್ತು. 2008ರಿಂದ ನಮ್ಮವರು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರಿಂದ ಹಡಗುಗಳನ್ನು ಕಾಯುತ್ತಿದ್ದಾರಲ್ಲ, ಅಲ್ಲಿ ವಾರಗಟ್ಟಲೆ ನಿಲ್ಲಲು ಪುಟ್ಟ ದೋಣಿಯಿಂದ ಆಗುತ್ತದಾ?

"ನೀವು ಆಳಸಮುದ್ರದ ಬೋಟಿಗೆ ಹತ್ತು ದಿನದ ಐಸ್, ಡೀಸೆಲ್, ಅಕ್ಕಿ ಹಾಕಿ ಕಳಿಸ್ತೀರಿ. ಅದೇ ದುಡ್ಡಿಗೆ ನಾಡದೋಣಿ ಎಷ್ಟು ಬರ್ತಿತ್ತು?" ಅಂದೆ.

"ಅದು ಬೇರೆ" ಅಂದು ಪಾಯಸಕ್ಕೆ ಕೈ ಹಾಕಿದರು.

ಬೇರೆ ಏನೂ ಅಲ್ಲ. ಹಾಗಂತ ದೊಡ್ಡದು ಅಮರ ಅಂತ ನಾನು ಹೇಳುವುದಿಲ್ಲ. 2022ರಲ್ಲಿ ರಷ್ಯಾದ ಮೊಸ್ಕ್ವಾ ಎಂಬ ದೊಡ್ಡ ಯುದ್ಧನೌಕೆ ದಡದಿಂದ ಬಂದ ಕ್ಷಿಪಣಿಗಳಿಗೆ ಕಪ್ಪು ಸಮುದ್ರದಲ್ಲಿ ಮುಳುಗಿತು. ಅದಕ್ಕೇ ವಿಮಾನವಾಹಕದ ಸುತ್ತ ಬೇರೆ ಹಡಗುಗಳ ಕಾವಲು ಇರುವುದು, ಅದರ ಖರ್ಚನ್ನೂ ನೀವು ಲೆಕ್ಕಕ್ಕೆ ಸೇರಿಸಿ ಬೈಯಬಹುದು.

ನನ್ನನ್ನು ಕೇಳಬೇಕಾದದ್ದು ಬೇರೆ. ಹಡಗು ರಿಪೇರಿಗೆ ಹೋದರೆ ಏನು ಗತಿ? ಜೂನ್, ಜುಲೈ ಇವರ ಬೋಟ್ ದಡದಲ್ಲೇ ಇರುತ್ತದೆ, ಅಡಿ ಕೆರೆದು ಬಣ್ಣ ಬಳಿದು ಇಂಜಿನ್ ಬಿಚ್ಚಿ ಕೂರಿಸುವವರೆಗೆ. ಯುದ್ಧನೌಕೆಗೆ ತಿಂಗಳುಗಟ್ಟಲೆ ಬೇಕು. 2013ರಲ್ಲಿ ವಿಕ್ರಮಾದಿತ್ಯ, 2022ರಲ್ಲಿ ವಿಕ್ರಾಂತ್, ನಮ್ಮ ಹತ್ತಿರ ಇರುವುದೇ ಎರಡು ವಿಮಾನವಾಹಕ. ಒಂದು ಡಾಕ್‌ನಲ್ಲಿದ್ದರೆ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಸೇರಿ ಒಂದೇ. ಬೋಟ್ ಇಟ್ಟವರಿಗೆ ಇದು ಹೊಳೆಯಬೇಕಿತ್ತು ಅಲ್ವಾ?

ಕೈ ತೊಳೆಯುವಲ್ಲಿ ಮತ್ತೆ ಸಿಕ್ಕಿದರು. "ಅದಿರ್ಲಿ, ಈ ಸಬ್‌ಮರೀನ್‌ಗೆ ಎಷ್ಟಾಗ್ತದೆ?"