ನೀರಿನ ಹೊತ್ತು ನೋಡಿ ದೋಣಿ ಹತ್ತಿ: ಥಾಯ್ಲೆಂಡ್‌ನ ನದಿ, ಕಾಲುವೆ, ಕಡಲು

ಬೆಳಿಗ್ಗೆ ಏಳು ಗಂಟೆಗೆ ಬ್ಯಾಂಕಾಕಿನ ಸಾಥೊನ್ ದಕ್ಕೆಗೆ ಇಳಿದರೆ ಕಾಲಡಿಯ ತೇಲುಕಟ್ಟೆ ಮೆಲ್ಲಗೆ ತೂಗುತ್ತಿರುತ್ತದೆ. ದಡದಿಂದ ಅದಕ್ಕೆ ಇಳಿಯುವ ಹಾದಿಯ ಇಳಿಜಾರನ್ನು ಒಮ್ಮೆ ಗಮನಿಸಿ. ಕಡಿದಾಗಿದ್ದರೆ ನದಿಯಲ್ಲಿ ಇಳಿತ, ಹೆಚ್ಚುಕಡಿಮೆ ಮಟ್ಟವಾಗಿದ್ದರೆ ಉಬ್ಬರ. ಕಡಲಿನ ಉಬ್ಬರ ಚಾವೊ ಫ್ರಾಯಾ ನದಿಯೊಳಗೆ ಬ್ಯಾಂಕಾಕಿನವರೆಗೂ ಏರಿ ಬರುತ್ತದೆ. ಈ ದೇಶವನ್ನು ನೀರಿನ ಮೇಲಿಂದ ನೋಡುವವರ ದಿನ ಆ ಇಳಿಜಾರಿನಿಂದಲೇ ಶುರುವಾಗಬೇಕು ಅನ್ನುವುದು ನನ್ನ ಅನುಭವ.

ನದಿಯ ದೋಣಿಗಳನ್ನು ಗುರುತಿಸುವುದು ಬಾವುಟದ ಬಣ್ಣದಿಂದ. ಕಿತ್ತಳೆ ಬಾವುಟದ್ದು ದಿನವಿಡೀ ಓಡುತ್ತದೆ, ಮುಖ್ಯ ದಕ್ಕೆಗಳಲ್ಲೆಲ್ಲ ನಿಲ್ಲುತ್ತದೆ, ಎಲ್ಲಿಗೆ ಹೋದರೂ ದರ ಒಂದೇ, ಸುಮಾರು 16 ಬಾತ್. ಹಳದಿ ಬಾವುಟದ್ದು ಕಚೇರಿ ಹೊತ್ತಿನದು, ಹಲವು ದಕ್ಕೆಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಅವಸರದಲ್ಲಿ ಅದನ್ನು ಹತ್ತಿ ಇಳಿಯಬೇಕಾದ ಜಾಗ ದಾಟಿಹೋಗುವವರು ದಿನವೂ ಸಿಗುತ್ತಾರೆ. ನೀಲಿ ಬಾವುಟದ್ದು ಪ್ರವಾಸಿಗರಿಗೆಂದೇ ಇರುವುದು, ದರ ಹೆಚ್ಚು. ವಾಟ್ ಫೋ ಬೌದ್ಧ ದೇಗುಲ ನೋಡಲು ಥಾ ತಿಯೆನ್ ದಕ್ಕೆಯಲ್ಲಿ ಇಳಿಯಬೇಕು. ಅಲ್ಲಿಂದ ಎದುರು ದಡದ ವಾಟ್ ಅರುಣ್ ದೇಗುಲಕ್ಕೆ ದಾಟಿಸುವ ಬೇರೆಯೇ ದೋಣಿ ಇದೆ, ಐದಾರು ಬಾತ್ ಸಾಕು.

ದಕ್ಕೆಯಲ್ಲಿ ದೋಣಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಹಿಂಬದಿಯಲ್ಲಿ ನಿಂತ ಹುಡುಗ ಸೀಟಿ ಊದಿ ಚಾಲಕನಿಗೆ ಹಿಂದೆ, ಮುಂದೆ, ನಿಲ್ಲು ಎಂದು ಹೇಳುತ್ತಾನೆ. ಅವನು ಹಗ್ಗವನ್ನು ಗೂಟಕ್ಕೆ ಎಸೆದು ಎಳೆದು ಬಿಗಿದ ಮೇಲಷ್ಟೇ ಕಾಲಿಡಿ. ಹಗ್ಗ ಸಡಿಲವಿದ್ದಾಗ ನಡುವಿನ ಸಂದು ಒಂದು ಗೇಣಿನಿಂದ ಒಂದು ಮಾರಿಗೆ ಹಿಗ್ಗಲು ಕ್ಷಣ ಸಾಕು.

ವಾಟ್ ಅರುಣ್ ಮುಂದೆ ಹರಿಯುವ ಅಗಲವಾದ ನೀರು ಮೂಲದಲ್ಲಿ ನದಿಯೇ ಅಲ್ಲ! ಹಡಗುಗಳು ಸುತ್ತು ಬಳಸಿ ಬರುವುದನ್ನು ತಪ್ಪಿಸಲು 1542ರಲ್ಲಿ, ಅಯುತ್ತಯದ ದೊರೆ ಚೈರಾಚನ ಕಾಲದಲ್ಲಿ, ತೋಡಿದ ಅಡ್ಡಕಾಲುವೆ ಅದು. ನದಿ ಆ ನೇರ ದಾರಿಯನ್ನೇ ಹಿಡಿದು ಕಾಲುವೆಯನ್ನು ಅಗಲ ಮಾಡಿತು, ಹಳೆಯ ಪಾತ್ರ ಕಿರಿದಾಗಿ ಬ್ಯಾಂಕಾಕ್ ನೋಯ್, ಬ್ಯಾಂಕಾಕ್ ಯಾಯ್ ಎಂಬ ಕಾಲುವೆಗಳಾಗಿ ಉಳಿಯಿತು. ಉದ್ದಬಾಲದ ದೋಣಿ ಮಾಡಿಕೊಂಡು ಇವುಗಳೊಳಗೆ ಹೋಗುವುದೆಂದರೆ ಹಳೆಯ ನದಿಯಲ್ಲಿ ಸಾಗುವುದು. ನನ್ನ ಮಟ್ಟಿಗೆ ಬ್ಯಾಂಕಾಕಿನಲ್ಲಿ ಇದಕ್ಕಿಂತ ಒಳ್ಳೆಯ ಎರಡು ಗಂಟೆ ಇಲ್ಲ.

ಈ ದೋಣಿಯ ಹಿಂದೆ ಮೋಟಾರು ವಾಹನದ ಎಂಜಿನ್ನೇ ತಿರುಗುಗೂಟದ ಮೇಲೆ ಕೂತಿರುತ್ತದೆ. ಅದಕ್ಕೆ ಜೋಡಿಸಿದ ಉದ್ದನೆಯ ಕಬ್ಬಿಣದ ಸರಳಿನ ತುದಿಯಲ್ಲಿ ಪಂಖ. ನೀರು ಆಳವಿಲ್ಲದ ಕಡೆ, ಕಸ ಸಿಕ್ಕಿಕೊಂಡ ಕಡೆ ಅಂಬಿಗ ಎಂಜಿನ್ನಿನ ಹಿಡಿಯನ್ನು ಅದುಮಿ ಸರಳನ್ನೇ ನೀರಿನಿಂದ ಮೇಲೆತ್ತುತ್ತಾನೆ. ಸದ್ದು ಕಿವಿಗಡಚಿಕ್ಕುವಂಥದ್ದು, ಮುಂದಿನ ಸಾಲಿನಲ್ಲಿ ಕೂತರೆ ಸ್ವಲ್ಪ ವಾಸಿ. ದರ ತಲೆಗೋ ಇಡೀ ದೋಣಿಗೋ, ಎಷ್ಟು ಗಂಟೆ, ಯಾವ ಯಾವ ಕಾಲುವೆ, ಈ ಮೂರನ್ನೂ ಹತ್ತುವ ಮುನ್ನವೇ ಬಾಯಿಬಿಟ್ಟು ಕೇಳಿಕೊಳ್ಳಿ. ಕಾಲುವೆಯ ಬಾಯಲ್ಲಿ ನೀರಿನ ಮಟ್ಟ ಸರಿದೂಗಿಸುವ ಗೇಟುಗಳಿವೆ, ಅಲ್ಲಿ ಕಾಯುವ ಹೊತ್ತೂ ನಿಮ್ಮ ಗಂಟೆಯ ಲೆಕ್ಕಕ್ಕೇ ಸೇರುತ್ತದೆ. ಉಬ್ಬರ ಜೋರಾಗಿದ್ದರೆ ತಗ್ಗಾದ ಸೇತುವೆಗಳಡಿ ದೋಣಿಯ ಚಾವಣಿ ತೂರುವುದಿಲ್ಲ, ದಾರಿ ಬದಲಾಗುತ್ತದೆ. ಉತ್ತರದ ಮಳೆನೀರು ಇಳಿದು ಬರುವ ಅಕ್ಟೋಬರ್, ನವೆಂಬರ್‌ನಲ್ಲಿ ಇದು ಹೆಚ್ಚು. ದೋಣಿ ದಡ ಸೇರುವಾಗ ಬೆರಳುಗಳನ್ನು ಅಂಚಿನ ಮೇಲೆ ಇಡಬೇಡಿ, ಜಜ್ಜಿಹೋಗುತ್ತವೆ.

ನಗರದ ಇನ್ನೊಂದು ಬದಿಯ ಸೇನ್ ಸೇಪ್ ಕಾಲುವೆಯನ್ನು ಸೈನ್ಯ ಸಾಗಿಸಲೆಂದು ಥಾಯ್ ದೊರೆ ಮೂರನೆಯ ರಾಮನ ಕಾಲದಲ್ಲಿ 1837ರಲ್ಲಿ ತೋಡಲು ಶುರುಮಾಡಿದರು. ಈಗ ಅದು ಕೆಲಸಕ್ಕೆ ಹೋಗುವವರ ದಾರಿ. ನೀರು ಕೊಳಕು. ಅಂಚಿನ ಸೀಟು ಸಿಕ್ಕರೆ ಪಕ್ಕದ ಹಗ್ಗ ಎಳೆದು ಟಾರ್ಪಾಲು ಮೇಲೇರಿಸುವ ಕೆಲಸ ನಿಮ್ಮದೇ. ಪ್ರತೂನಾಮ್‌ನಲ್ಲಿ ದೋಣಿ ಬದಲಿಸಬೇಕು. ಆ ಹೆಸರಿನ ಅರ್ಥವೇ ನೀರಿನ ಬಾಗಿಲು.

ದಕ್ಷಿಣದ ಕಡಲಿಗೆ ಹೋಗುವಾಗ ತಿಂಗಳು ನೋಡಿ. ಅಂಡಮಾನ್ ಕಡಲ ಬದಿಯ ಫುಕೆಟ್, ಕ್ರಾಬಿಗಳಿಗೆ ನವೆಂಬರ್‌ನಿಂದ ಏಪ್ರಿಲ್ ಹಿತ. ಪೂರ್ವದ ಸಮುಯಿ ದ್ವೀಪದಲ್ಲಿ ಜೋರು ಮಳೆ ಬೀಳುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಸ್ಪೀಡ್‌ಬೋಟಿನ ಮೂತಿಯಲ್ಲಿ ಕೂತರೆ ಪ್ರತಿ ಅಲೆಗೂ ಸೊಂಟಕ್ಕೆ ಪೆಟ್ಟು, ಹಿಂದೆ ಕೂರಿ. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮುಕ್ಕಾಲು ಗಂಟೆ ಮೊದಲೇ ನುಂಗಿರಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಕೆಲಸಕ್ಕೆ ಬಾರದು.

ಫಾಂಗ್ ಎನ್‌ಗಾ ಕೊಲ್ಲಿಯ ಸುಣ್ಣಕಲ್ಲಿನ ದ್ವೀಪಗಳ ಹೊಟ್ಟೆಯೊಳಗೆ ಹಾಂಗ್‌ಗಳಿವೆ. ಹಾಂಗ್ ಎಂದರೆ ಕೋಣೆ. ಸುತ್ತ ಬಂಡೆಗೋಡೆ, ಮೇಲೆ ಆಕಾಶ, ನಡುವೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಒಳಹೋಗಲು ಕತ್ತಲ ಸುರಂಗವೊಂದೇ ದಾರಿ, ಅದೂ ಗಾಳಿ ತುಂಬಿದ ಕಯಾಕ್‌ನಲ್ಲಿ. ಉಬ್ಬರ ತುಂಬಿದರೆ ಸುರಂಗ ಮುಚ್ಚುತ್ತದೆ, ಇಳಿತ ಪೂರ್ತಿಯಾದರೆ ಕೆಸರು. ನಡುವಿನ ಸ್ವಲ್ಪ ಹೊತ್ತು ಮಾತ್ರ ದಾರಿ ತೆರೆದಿರುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಬೇಗ ಬೇಗ ಏರಿ ಇಳಿಯುತ್ತದೆ, ಅಷ್ಟಮಿಯ ಸುತ್ತಮುತ್ತ ನಿಧಾನ. ಹಾಗಾಗಿ ಬುಕಿಂಗ್ ಮಾಡುವಾಗ ಊಟಕ್ಕೇನಿದೆ ಎಂದು ಕೇಳುವ ಮೊದಲು ಹಾಂಗ್‌ಗೆ ಎಷ್ಟು ಗಂಟೆಗೆ ಒಯ್ಯುತ್ತೀರಿ ಎಂದು ಕೇಳಿ. ದಿನವೂ ಒಂದೇ ಸಮಯ ಹೇಳುವವರನ್ನು ಬಿಟ್ಟುಬಿಡಿ.

ಸುರಂಗದಲ್ಲಿ ಅಂಗಾತ ಮಲಗಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕು. ಮೂಗಿನಿಂದ ಗೇಣಿನಷ್ಟು ಮೇಲೆ ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಒಳಗೆ ಹೋದ ಮೇಲೆ ಹುಟ್ಟು ಹಾಕುವವನ ಕಣ್ಣು ಆಗಾಗ ಸುರಂಗದ ಬಾಯಿಯತ್ತಲೇ ಹೊರಳುತ್ತಿರುತ್ತದೆ. ಅವನು ಹೊರಡೋಣ ಎಂದಾಗ ಇನ್ನೊಂದು ಫೋಟೊ ಎನ್ನಬೇಡಿ.